ಪಿಕಪ್ ತಗ್ಗಿಸಿದ ಕೈ

ಊರಿನ ಐಟಿಐಯಲ್ಲಿ ಮೆಕ್ಯಾನಿಕ್ ಕೆಲಸ ಕಲಿತು ಗಲ್ಫಿಗೆ ಹೊರಟವರು ಈಗಲೂ ವರ್ಷಕ್ಕೆ ಇಬ್ಬರು ಮೂವರು ನನ್ನ ಮನೆಗೆ ಬರುತ್ತಾರೆ. ಬಿಸಿಲು ಎಷ್ಟಿರುತ್ತದೆ, ವೀಸಾ ಕೊಡಿಸುವ ಅಲ್ಲಿನ ಯಜಮಾನ, ಅಂದರೆ ಕಫೀಲ್, ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾನೆಯೇ, ಊರಿಗೆ ರಜೆ ಯಾವಾಗ ಸಿಗುತ್ತದೆ ಎಂದೆಲ್ಲ ಕೇಳುತ್ತಾರೆ. ಗೊತ್ತಿದ್ದದ್ದನ್ನು ಹೇಳಿ ಚಹಾ ಕೊಟ್ಟು ಕಳಿಸುತ್ತೇನೆ. ಪಕ್ಕದಲ್ಲೇ ನಿಂತು ಕೆಲಸ ಮಾಡುವವನ ಕೈ ನಮ್ಮ ಕೈಗಿಂತ ಚೆನ್ನಾಗಿದ್ದರೆ ಏನು ಮಾಡಬೇಕು ಎಂದು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ. ಒಮಾನಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಬಿಸಿಲಲ್ಲ, ಅದು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ನಾನು ಮಸ್ಕತ್ತಿಗೆ ಹೋದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅದಕ್ಕೂ ಮುಂಚೆ ಮಂಗಳೂರಿನ ಒಂದು ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಐದು ವರ್ಷ ದುಡಿದಿದ್ದೆ. ನಮ್ಮ ಗ್ಯಾರೇಜ್ ವಾದಿ ಕಬೀರಿನಲ್ಲಿತ್ತು, ರೂಮು ಹಮ್ರಿಯಾದಲ್ಲಿ, ಒಂದು ಕಿರಾಣಿ ಅಂಗಡಿಯ ಮೇಲೆ. ನಾನು ಫೋರ್‌ಮನ್ ಆದ ಕಥೆ ಇಲ್ಲಿ ಬೇಡ. ಇಂಗ್ಲಿಷ್‌ನಲ್ಲಿ ಎಸ್ಟಿಮೇಟ್ ಬರೆಯಲು ಬರುತ್ತಿದ್ದವನು ನಾನೊಬ್ಬನೇ, ಅಷ್ಟೇ. ನಮ್ಮ ಮ್ಯಾನೇಜರ್ ಮ್ಯಾಥ್ಯೂ ಸಾರ್ ಕೇರಳದವರು. ಗಾಜಿನ ಕೋಣೆಯೊಳಗೆ ಕೂತು ಪೇಪರ್ ಓದುತ್ತ, ಹೊರಗೆ ಓಡುತ್ತಿರುವ ಎಂಜಿನ್ನಿನ ಸದ್ದಿನಿಂದಲೇ ಯಾವ ಸಿಲಿಂಡರ್ ಸರಿಯಿಲ್ಲ ಎಂದು ಹೇಳುತ್ತಿದ್ದರು. ಅವರ ಬಾಯಲ್ಲಿ 'ಗುಡ್' ಎಂಬ ಒಂದು ಶಬ್ದ ಕೇಳಲು ನಾನು ಎರಡು ವರ್ಷ ಕಾದಿದ್ದೆ. ಒಂದು ಗೇರ್‌ಬಾಕ್ಸಿಗೆ ಸಿಕ್ಕಿತು. ಅದನ್ನು ಮನೆಗೆ ಬರೆದ ಕಾಗದದಲ್ಲೂ ಬರೆದಿದ್ದೆ.

ಆ ಕಾಲದಲ್ಲಿ ಮಸ್ಕತ್ತಿನ ಯುವಕರಿಗೆ ಪಿಕಪ್ ಗಾಡಿಯನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸುವ ಶೋಕಿ ಹತ್ತಿತ್ತು. ಅದಕ್ಕೆಂದೇ ಮಾಡಿದ ಬಿಡಿಭಾಗಗಳು ಅಮೆರಿಕದಿಂದ ಬರಬೇಕು, ಅಷ್ಟು ಖರ್ಚು ಯಾರಿಗೂ ಬೇಡ. ಇಂಥ ಒಬ್ಬ ಯುವಕನ ಜಪಾನಿ ಪಿಕಪ್ಪನ್ನು ನಾನು ಅತಿ ಸುಲಭದ ದಾರಿಯಲ್ಲಿ ತಗ್ಗಿಸಿಕೊಟ್ಟೆ. ಮುಂದಿನ ಚಕ್ರಗಳ ಸುರುಳಿ ಸ್ಪ್ರಿಂಗಿಗೆ ಗ್ಯಾಸ್ ಬೆಂಕಿ ಹಿಡಿದೆ. ಉಕ್ಕು ಕೆಂಪಾಗಿ ಮೆತ್ತಗಾಯಿತು, ಗಾಡಿ ತನ್ನ ಭಾರಕ್ಕೆ ತಾನೇ ಕೂತಿತು. ಅರ್ಧ ಗಂಟೆಯ ಕೆಲಸ. ಹುಡುಗ ಖುಷಿಯಿಂದ ಹೋದ. ಹದಿನೈದು ದಿನಕ್ಕೆ ವಾಪಸು ಬಂದ. ಗಾಡಿ ಒಂದು ಬದಿಗೆ ವಾಲಿ, ಹಂಪ್ ಸಿಕ್ಕಿದಲ್ಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

ಗೋವಿಂದ ನಮ್ಮ ಗ್ಯಾರೇಜಿಗೆ ಬಂದು ಆಗ ಮೂರು ದಿನ ಆಗಿತ್ತು. ಕುಂದಾಪುರದ ಹತ್ತಿರದವನು, ನನಗಿಂತ ಆರೇಳು ವರ್ಷ ಚಿಕ್ಕವನು. ಶಾಲೆ ಐದನೇ ಕ್ಲಾಸಿಗೆ ಮುಗಿದಿತ್ತು. ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಲಾರಿ ಪಟ್ಟೆಯ ಕೆಲಸ ಕಲಿತಿದ್ದ. ಪಟ್ಟೆ ಎಂದರೆ ಲಾರಿ, ಬಸ್ಸುಗಳ ಭಾರ ಹೊರಲು ಒಂದರ ಮೇಲೊಂದು ಪೇರಿಸಿರುವ ಬಾಗಿದ ಉಕ್ಕಿನ ಪಟ್ಟಿಗಳು. ನಾನು ಬಿಚ್ಚಿ ಕೆಳಗಿಟ್ಟಿದ್ದ ಸುರುಳಿಯನ್ನು ಅವನು ಎತ್ತಿಕೊಂಡ. ನಾನು ಬೆಂಕಿ ಹಿಡಿದ ಜಾಗ ನೀಲಿಯಾಗಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿ, ಯಾರಿಗೋ ಸಾವಿನ ಸುದ್ದಿ ತಿಳಿಸುವವನಂತೆ ಮೆಲ್ಲಗೆ ಹೇಳಿದ:

"ಇದ್ರ್ ಜೀವ ಹೋಯ್ತ್ ಮರಾಯ್ರೆ."

ಮ್ಯಾಥ್ಯೂ ಸಾರ್ ಬಾಗಿಲಲ್ಲೇ ನಿಂತಿದ್ದರು. ಕನ್ನಡ ಅವರಿಗೆ ಬಾರದು. ಆದರೆ ಆ ಹೆಬ್ಬೆರಳು ಏನು ಹೇಳಿತೆಂದು ಅವರಿಗೆ ಅರ್ಥವಾಯಿತು. ನನ್ನನ್ನು ಬಿಟ್ಟು ಗೋವಿಂದನ ಕಡೆ ನೋಡಿ, "ಹೊಸ ಸ್ಪ್ರಿಂಗ್ ನೀನೇ ಹಾಕು" ಎಂದು ಹಿಂದಿಯಲ್ಲಿ ಹೇಳಿ ಒಳಗೆ ಹೋದರು.

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆ ಮಧ್ಯಾಹ್ನ. ಅವನು ಹೇಳಿದ್ದು ತಪ್ಪಾಗಿದ್ದರೆ ನಾಲ್ಕು ಮಾತು ಬೈದು ಮರೆಯುತ್ತಿದ್ದೆ. ಅದು ಸರಿಯಾಗಿತ್ತು. ಮೇಲಾಗಿ, ಅದು ಸರಿ ಎಂದು ಬೆಂಕಿ ಹಿಡಿಯುವಾಗಲೇ ನನಗೆ ಗೊತ್ತಿತ್ತು.

ಮುಂದಿನ ಒಂದು ವರ್ಷ ಗೋವಿಂದ ಮಾಡಿದ ಕೆಲಸ ನೋಡುವುದು ನನಗೆ ದಿನಾ ಒಂದು ಶಿಕ್ಷೆ. ಪಟ್ಟೆಯ ಬಾಗು ತೆಗೆಯಲು ಅವನಿಗೆ ಬೆಂಕಿ ಬೇಡ. ತಣ್ಣಗಿರುವ ಉಕ್ಕನ್ನೇ ದಪ್ಪ ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಅಂಗುಲ ಅಂಗುಲ ಸರಿಸುತ್ತ ಸುತ್ತಿಗೆಯಿಂದ ಬಡಿಯುತ್ತಿದ್ದ. ಪ್ರತಿ ಪೆಟ್ಟಿಗೂ ಸದ್ದು ಬದಲಾಗುತ್ತಿತ್ತು, ಆ ಸದ್ದು ಕೇಳಿಯೇ ಸಾಕೋ ಇನ್ನೂ ಬೇಕೋ ನಿರ್ಧರಿಸುತ್ತಿದ್ದ. ಎಡಗಡೆಯ ಪಟ್ಟೆ ಮುಗಿಸಿ ಬಲಗಡೆಯದನ್ನು ಅದರ ಮೇಲಿಟ್ಟರೆ ನಡುವೆ ಪೋಸ್ಟ್ ಕಾರ್ಡ್ ತೂರುತ್ತಿರಲಿಲ್ಲ. ನಾನೂ ಒಂದು ಶುಕ್ರವಾರ, ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ, ಗುಜರಿ ಪಟ್ಟೆ ಹಿಡಿದು ಅವನಂತೆಯೇ ಬಡಿದು ನೋಡಿದೆ. ಸುತ್ತಿಗೆ ಹಿಡಿಯುವ ರೀತಿ, ಕಾಲಿಡುವ ರೀತಿ ಎಲ್ಲ ಅವನದೇ. ಪಟ್ಟೆ ಎರಡು ತುಂಡಾಯಿತು. ಆ ತುಂಡುಗಳನ್ನು ಎಣ್ಣೆ ಡ್ರಮ್ಮಿನ ಹಿಂದೆ ಅಡಗಿಸಿಟ್ಟೆ.

ಗಿರಾಕಿಗಳು ಗೇಟಿನಲ್ಲೇ "ಗೋವಿಂದ್ ವೇನ್?" ಎಂದು ಕೇಳತೊಡಗಿದರು. ಗೋವಿಂದ ಎಲ್ಲಿ ಎಂದು. ನನ್ನ ಕಚೇರಿ ಮೇಜನ್ನು ದಾಟಿ ನೇರ ಅವನ ಹತ್ತಿರ ಹೋಗುತ್ತಿದ್ದರು. ಅವನ ಜಾಬ್ ಕಾರ್ಡ್ ನಾನು ತುಂಬಬೇಕು, ಅವನ ಕೆಲಸಕ್ಕೆ ನಾನು ಸಹಿ ಹಾಕಬೇಕು. ಮ್ಯಾಥ್ಯೂ ಸಾರ್ ಅವನಿಗೆ 'ಗುಡ್' ಎಂದದ್ದನ್ನು ನಾನು ಲೆಕ್ಕ ಇಟ್ಟಿದ್ದೆ. ನಾಲ್ಕು ತಿಂಗಳಲ್ಲಿ ಏಳು ಸಲ. ಫೋರ್‌ಮನ್ನಿನ ಅಧಿಕಾರ ಉಪಯೋಗಿಸಿ ಅವನನ್ನು ಎರಡು ವಾರ ಬರೀ ಆಯಿಲ್ ಬದಲಿಸುವ ಕೆಲಸಕ್ಕೆ ಹಾಕಿದೆ. ಅವನು ಯಾಕೆಂದು ಕೇಳಲಿಲ್ಲ. ಸಂಜೆ ರೂಮಿಗೆ ಬಂದು ಎಂದಿನಂತೆ ಬಂಗುಡೆ ಸಾರು ಮಾಡಿ, "ಸಂಜೀವಣ್ಣ, ಬಿಸಿ ಇದ್ದಾಗಲೇ ಉಣ್ಣಿ" ಎಂದು ನನಗೇ ಮೊದಲು ಬಡಿಸಿದ. ಸಾರು ಕೂಡ ಚೆನ್ನಾಗಿಯೇ ಇರುತ್ತಿತ್ತು.

ಹೀಗಿರುವಾಗ ಸಾಲಿಂ ಬಂದ. ಮಸ್ಕತ್ತಿನಿಂದ ಎರಡು ಗಂಟೆ ದಾರಿಯ ಇಬ್ರಾದ ಶಾಲೆಯೊಂದರಲ್ಲಿ ಗುಮಾಸ್ತ. ಮಸ್ಕತ್ತಿನಲ್ಲಿ ಭಾರತೀಯರ ಜೊತೆ ಓಡಾಡಿ ಹಿಂದಿ ಚೆನ್ನಾಗಿ ಕಲಿತಿದ್ದ. ಅವನು ತಂದದ್ದು ತಂದೆಯ ಹಳೆಯ ಅಮೆರಿಕನ್ ಪಿಕಪ್. ಇಪ್ಪತ್ತು ವರ್ಷದಷ್ಟು ಹಳೆಯದು, ದುಂಡು ಮೂತಿ, ಬಣ್ಣ ಹೋಗಿ ಮರಳಿನ ಬಣ್ಣವೇ ಆಗಿತ್ತು. ತಂದೆ ಸುವೈದ್ ಅದೇ ಗಾಡಿಯಲ್ಲಿ, ಡಾಂಬರು ರಸ್ತೆ ಇಲ್ಲದ ಕಾಲದಲ್ಲಿ, ಇಬ್ರಾದಿಂದ ಮಸ್ಕತ್ತಿಗೆ ಖರ್ಜೂರ, ಆಡು, ಹೆರಿಗೆಯ ಹೆಂಗಸರು, ಎಲ್ಲವನ್ನೂ ಸಾಗಿಸಿದ್ದರಂತೆ. ಆಗ ಅವರು ಗಾಡಿಯೊಳಗೇ ಕೂತಿದ್ದರು. ಬಿಳಿ ಗಡ್ಡ, ಮಡಿಲಲ್ಲಿ ಕೋಲು, ನೇರ ಮುಂದೆ ನೋಟ.

"ಬಾಬಾ ಖರ್ಜೂರದ ಮರದಿಂದ ಬಿದ್ದರು. ಸೊಂಟದ ಮೂಳೆ ಕೂಡಿತು, ಆದರೆ ಬಲಗಾಲು ಮೇಲೆ ಏಳುವುದಿಲ್ಲ" ಎಂದ ಸಾಲಿಂ. "ಈ ಗಾಡಿ ಎತ್ತರ. ಇಬ್ಬರು ಎತ್ತಿ ಕೂರಿಸಬೇಕು. ಸೂಕಿನಲ್ಲಿ, ಸಂತೆಯ ಜನರ ಮುಂದೆ, ಮಗುವಿನಂತೆ ಎತ್ತಿಸಿಕೊಳ್ಳಲು ಅವರಿಗೆ ನಾಚಿಕೆ. ಎಂಟು ತಿಂಗಳಿಂದ ಮನೆಯಿಂದ ಹೊರಗೇ ಬಂದಿರಲಿಲ್ಲ, ಇವತ್ತು ನಮ್ಮ ಅಂಗಳದೊಳಗೇ ಎತ್ತಿ ಕೂರಿಸಿ ತಂದೆ. ಬೇರೆ ಗಾಡಿಯಲ್ಲಿ ಕೂರುವುದೂ ಇಲ್ಲ. ಇದನ್ನು ತಗ್ಗಿಸಿಕೊಡಿ. ತಾವೇ ಹತ್ತಬೇಕು, ಅಷ್ಟೇ. ಅಮೆರಿಕದ ಸಾಮಾನು ತರಿಸುವ ಶಕ್ತಿ ನನಗಿಲ್ಲ."

"ಮೆಟ್ಟಿಲು ಕೂರಿಸಿಕೊಡಬಹುದಲ್ಲ" ಎಂದೆ.

"ನೋಡಿ ಆಯ್ತು. ಬಲಗಾಲಿಗೆ ಭಾರ ಹಾಕಿದ ಕೂಡಲೇ ಬೀಳುತ್ತಾರೆ."

ನಾನು ಟೇಪ್ ಹಿಡಿದು ಗಾಡಿಯ ಕೆಳಗೆ ನುಗ್ಗಿದೆ. ನೆಲದಿಂದ ಚಾಸಿಗೆ ಎಷ್ಟು, ಆಕ್ಸಲ್ಲಿಗೆ ಎಷ್ಟು ಎಂದು ಅಳೆದು ಕಾಗದದಲ್ಲಿ ಬರೆದುಕೊಂಡೆ. ಹೊರಗೆ ಬಂದು ನೋಡಿದರೆ ಗೋವಿಂದ ಬಾಗಿಲು ತೆರೆದು ಮುದುಕರ ಮುಂದೆ ನಿಂತಿದ್ದ. ಅರಬಿ ಅವನಿಗೆ ಹತ್ತು ಶಬ್ದ ಬರುತ್ತಿತ್ತೋ ಇಲ್ಲವೋ. ಸಾಲಿಂ ಜೊತೆ ಸೇರಿ ಅವರನ್ನು ಕೆಳಗಿಳಿಸಿ ಗೋಡೆಗೆ ಒರಗಿ ನಿಲ್ಲಿಸಿದ.

"ಅಜ್ಜಯ್ಯನ ಕಾಲ್ ಎಷ್ಟ್ ಏಳತ್ತ್ ಅಂತ ಕಾಂಬ" ಎಂದು ನನಗೆ ಹೇಳಿ, ಸನ್ನೆಯಲ್ಲೇ ಕಾಲೆತ್ತಲು ಕೇಳಿಕೊಂಡ. ಮುದುಕರು ಹಲ್ಲು ಕಚ್ಚಿ ಎತ್ತಿದರು. ಪಾದ ಎಲ್ಲಿವರೆಗೆ ಬಂತೋ ಅಲ್ಲಿ ಗೋವಿಂದ ತನ್ನ ಪ್ಯಾಂಟಿನ ಮೇಲೆಯೇ ಸೀಮೆಸುಣ್ಣದ ಗೆರೆ ಎಳೆದ. ಗಾಡಿಯ ಬಾಗಿಲಿನ ಪಕ್ಕ ಹೋಗಿ ನಿಂತ. ಗೆರೆಗೂ ಗಾಡಿಯ ನೆಲಕ್ಕೂ ನಾಲ್ಕು ಬೆರಳಿಗಿಂತ ಸ್ವಲ್ಪ ಹೆಚ್ಚು ಅಂತರ.

"ನಾಲ್ಕ್ ಇಂಚ್ ಇಳಿದ್ರೆ ಸಾಕ್" ಎಂದ.

ನಾನು ಗಾಡಿಯನ್ನು ಅಳೆದಿದ್ದೆ, ಅವನು ಮನುಷ್ಯನನ್ನು ಅಳೆದಿದ್ದ. ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟೆ. ಇಂಥದ್ದು ನನಗೆ ಯಾಕೆ ಹೊಳೆಯುವುದಿಲ್ಲ ಎಂದು ಆ ಇಡೀ ದಿನ ಯೋಚಿಸಿದೆ. ಯೋಚಿಸಿದಷ್ಟೂ ಅವನ ಮೇಲೆ ಸಿಟ್ಟು ಬಂತು.

ಕೆಲಸ ಒಂದು ವಾರ ಹಿಡಿಯಿತು. ಕಡಿಮೆ ಖರ್ಚಿನಲ್ಲಿ ಗಾಡಿ ತಗ್ಗಿಸುವುದು ಹೇಗೆ ಎಂದು ಕಲಿಯಬೇಕಾದವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಗಾಡಿಯಲ್ಲಿ ಹಿಂದಿನ ಪಟ್ಟೆಗಳು ಆಕ್ಸಲ್ಲಿನ ಕೆಳಗಡೆ ಇದ್ದವು. ಹಾಗಿದ್ದಾಗ ಆಕ್ಸಲ್ಲಿಗೂ ಪಟ್ಟೆಗೂ ನಡುವೆ ಎರಡು ಇಂಚಿನ ಗಟ್ಟಿ ಉಕ್ಕಿನ ತುಂಡು ಇಟ್ಟರೆ ಗಾಡಿ ಎರಡು ಇಂಚು ಕೆಳಗೆ ಬರುತ್ತದೆ. ಆ ತುಂಡುಗಳನ್ನು ಬಂದರಿನ ಗುಜರಿಯಿಂದ ತಂದೆವು. ಅವನ್ನು ಬಿಗಿಯಲು ಉದ್ದನೆಯ ಯು-ಬೋಲ್ಟ್‌ಗಳನ್ನು ಗೋವಿಂದ ತಾನೇ ಸರಳು ಬಗ್ಗಿಸಿ ಮಾಡಿದ. ಉಳಿದ ಎರಡು ಇಂಚು ಪಟ್ಟೆಯ ಬಾಗು ತೆಗೆದು ಬಂತು. ಹೀಗೆ ಮಾಡಿದಾಗ ಹಿಂದಕ್ಕೆ ಹೋಗುವ ಶಾಫ್ಟಿನ ಕೋನ ಬದಲಾಗಿ ಗಾಡಿ ನಡುಗುತ್ತದೆ. ಅದಕ್ಕೆ ಸಣ್ಣ ಬೆಣೆ ಕೊಡಬೇಕು. ಅದನ್ನು ನಾನೇ ಹೇಳಿದೆ. "ಹೌದಾ, ಅದ್ ನಂಗ್ ಗೊತ್ತಿರ್ಲಿಲ್ಲ" ಎಂದು ಗೋವಿಂದ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅಷ್ಟು ಸುಲಭವಾಗಿ ಬರುತ್ತಿತ್ತು ಅವನಿಗೆ. ಅದಕ್ಕೂ ಕರುಬಿದೆ.

ಮುಂದೆ ಇದ್ದದ್ದು ಸುರುಳಿ ಸ್ಪ್ರಿಂಗ್. ಬೆಂಕಿ ಮುಟ್ಟಿಸದೆ, ಗರಗಸದಲ್ಲಿ ನೀರು ಬಿಟ್ಟುಕೊಂಡು ಒಂದೂವರೆ ಸುತ್ತು ಕತ್ತರಿಸಿದ. ಬಡಿತ ತಡೆಯುವ ರಬ್ಬರ್ ತುಂಡುಗಳನ್ನು ಅರ್ಧ ಮಾಡಿದ. ಖರ್ಚು ಉಳಿಸಲೆಂದು ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನೇ ಮತ್ತೆ ಹಾಕಿದ. ತಪ್ಪಿದ್ದು ಇಲ್ಲಿ.

ಸುರುಳಿ ಕತ್ತರಿಸಿದರೆ ಅದು ಗಿಡ್ಡವಾಗುತ್ತದೆ. ಗಾಡಿಯ ಭಾರ ಮೇಲಿದ್ದಾಗ ಏನೂ ತೊಂದರೆಯಿಲ್ಲ. ಆದರೆ ಚಕ್ರ ಯಾವುದಾದರೂ ದೊಡ್ಡ ಗುಂಡಿಯ ಮೇಲೆ ಗಾಳಿಯಲ್ಲಿ ನೇತಾಡಿದರೆ, ಗಿಡ್ಡ ಸುರುಳಿ ತನ್ನ ಕುಳಿಯಲ್ಲಿ ಸಡಿಲವಾಗಿ ಹೊರಗೆ ಹಾರಬಹುದು. ಹಾಗಾಗದಂತೆ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಬೇಕು, ಇಲ್ಲವೇ ಚಕ್ರ ಅಷ್ಟು ಕೆಳಗೆ ಇಳಿಯದಂತೆ ಪಟ್ಟಿ ಕಟ್ಟಬೇಕು. ಗೋವಿಂದನ ಆಯುಷ್ಯವೆಲ್ಲ ಪಟ್ಟೆಯಲ್ಲಿ ಕಳೆದಿತ್ತು. ಪಟ್ಟೆ ಹಾರಿಹೋಗುವ ವಸ್ತುವಲ್ಲ. ಅವನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗ್ಯಾರೇಜಿನ ಕಪಾಟಿನಲ್ಲಿದ್ದ ಇಂಗ್ಲಿಷ್ ಮ್ಯಾನುಯಲ್ಲಿನಲ್ಲಿ ಚಿತ್ರದ ಸಮೇತ ಇತ್ತು.

ಗುರುವಾರ ಅರ್ಧ ದಿನದ ಕೆಲಸ. ಹನ್ನೊಂದು ಗಂಟೆಗೆ ಗೋವಿಂದ ಚಹಾ ಕುಡಿಯಲು ಹೋದ. ಸಹಿ ಹಾಕುವ ಮೊದಲು ನೋಡುವುದು ನನ್ನ ಕೆಲಸ. ಚಾಸಿಗೆ ಜಾಕ್ ಕೊಟ್ಟು ಎತ್ತಿದೆ. ಮುಂದಿನ ಚಕ್ರ ಜೋತುಬಿತ್ತು. ಕೈ ಹಾಕಿ ಸುರುಳಿ ಹಿಡಿದೆ. ಕೈಯಲ್ಲಿನ ಬಳೆಯಂತೆ ಸಲೀಸಾಗಿ ತಿರುಗಿತು.

ಎರಡು ಸಲ ತಿರುಗಿಸಿದೆ. ಜಾಕ್ ಇಳಿಸಿದೆ. ಮೇಜಿಗೆ ಹೋಗಿ ಸಹಿ ಹಾಕಿದೆ.

ಆಗ ಏನು ಯೋಚಿಸಿದೆ ಎಂದು ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಯಾರಿಗೂ ಏಟಾಗಲಿ ಎಂದು ಬಯಸಲಿಲ್ಲ. ಇಬ್ರಾದವರೆಗೆ ಡಾಂಬರು ರಸ್ತೆ, ಏನಾಗುತ್ತದೆ, ಎಲ್ಲೋ ಒಂದು ಕಡೆ ಕಟಕಟ ಸದ್ದು ಬಂದೀತು, ಸಾಲಿಂ ವಾಪಸು ತಂದಾನು, ಗೋವಿಂದನ ಕೆಲಸವೂ ವಾಪಸು ಬರುತ್ತದೆ ಎಂದು ಮ್ಯಾಥ್ಯೂ ಸಾರ್ ಒಮ್ಮೆ ನೋಡಲಿ. ನನಗೆ ಬೇಕಾದದ್ದು ಅಷ್ಟೇ. ಅದನ್ನು ಬಯಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಹನ್ನೆರಡೂವರೆಗೆ ಸಾಲಿಂ ತಂದೆಯನ್ನು, ಆ ವಾರ ಅವರು ಉಳಿದಿದ್ದ ಪಕ್ಕದ ಬೀದಿಯ ನೆಂಟರ ಮನೆಯಿಂದ ಮೆಲ್ಲಗೆ ನಡೆಸಿಕೊಂಡು ಕರೆತಂದ. ಸುವೈದ್ ಗಾಡಿಯ ಸುತ್ತ ಕೋಲೂರಿ ಒಂದು ಸುತ್ತು ಬಂದರು. ಬಾಗಿಲು ತಾವೇ ತೆರೆದರು. ಎಡಗೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದು, ಬಲಗಾಲು ಎತ್ತಿದರು. ಪಾದ ಗಾಡಿಯ ನೆಲಕ್ಕೆ ತಾಗಿತು, ಒಳಗೆ ಹೋಯಿತು. ಹಿಂದೆ ಸರಿದು ಸೀಟಿನಲ್ಲಿ ಕೂತು ಎಡಗಾಲನ್ನೂ ಎಳೆದುಕೊಂಡು ಬಾಗಿಲು ಹಾಕಿಕೊಂಡರು. ಮತ್ತೆ ಬಾಗಿಲು ತೆರೆದು ಇಳಿದರು. ಮತ್ತೆ ಹತ್ತಿದರು. ಮೂರನೇ ಸಲ ಹತ್ತಿದ ಮೇಲೆ ಕಿಟಕಿಯಿಂದ ಕೈ ಚಾಚಿ ಗೋವಿಂದನನ್ನು ಹತ್ತಿರ ಕರೆದು, ಎಣ್ಣೆ ಹಿಡಿದ ಅವನ ತಲೆಯ ಮೇಲೆ ಅಂಗೈ ಇಟ್ಟು ಏನೋ ಹೇಳಿದರು. ಸಾಲಿಂ ಕಣ್ಣೊರೆಸಿಕೊಳ್ಳುತ್ತಿದ್ದ. ಮ್ಯಾಥ್ಯೂ ಸಾರ್ ಗಾಜಿನ ಕೋಣೆ ಬಿಟ್ಟು ಹೊರಗೆ ಬಂದು 'ವೆರಿ ಗುಡ್' ಎಂದರು. ವೆರಿ ಗುಡ್ ಎಂಬುದನ್ನು ನಾನು ಅವರ ಬಾಯಲ್ಲಿ ಅದೇ ಮೊದಲು ಕೇಳಿದ್ದು.

ನಾನು ಮೇಜಿನ ಹಿಂದೆ ನಿಂತಿದ್ದೆ. ಗಾಡಿ ಹೊರಡುವಾಗ ಹೇಳಬಹುದಿತ್ತು. ಗೇಟು ದಾಟುವಾಗಲೂ ಹೇಳಬಹುದಿತ್ತು. ಆ ಅಂಗೈ ನೋಡಿದ ಮೇಲೆ ಸಹಿ ಹಾಕಿದ ಜಾಬ್ ಕಾರ್ಡನ್ನು ಫೈಲಿಗೆ ಸೇರಿಸಿದೆ.

ರೂಮಿಗೆ ಬಂದೆವು. ಸಾಲಿಂ ಕೊಟ್ಟಿದ್ದ ಹಲ್ವಾದ ಡಬ್ಬಿಯನ್ನು ಗೋವಿಂದ ಬಿಚ್ಚಿದ. ದೊಡ್ಡ ತುಂಡು ತೆಗೆದು ನನ್ನ ತಟ್ಟೆಗೆ ಹಾಕಿದ.

"ನಿಮ್ದೂ ಇತ್ತಲ್ದಾ ಇದ್ರಗೆ. ಬೆಣೆ ವಿಷಯ ನೀವ್ ಹೇಳದಿದ್ರೆ ಗಾಡಿ ನಡುಗ್ತಿತ್ತ್" ಎಂದ.

ಹಲ್ವಾ ಬಾಯಿಗೆ ಹಾಕಿದೆ. ತಟ್ಟೆ ಕೆಳಗಿಟ್ಟೆ.

"ಗೋವಿಂದ, ಮುಂದಿನ ಸ್ಪ್ರಿಂಗ್ ಲೂಸ್ ಉಂಟು" ಎಂದೆ.

"ಎಂತ?"

"ಚಕ್ರ ನೇತಾಡಿದರೆ ಹೊರಗೆ ಹಾರ್ತದೆ. ಎತ್ತಿ ನೋಡಿದ್ದೇನೆ."

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಯಾವಾಗ, ಯಾಕೆ ಎಂದು ಕೇಳಲಿಲ್ಲ. ಅಂಗಿ ಹಾಕಿಕೊಂಡು ಮೆಟ್ಟಿಲು ಇಳಿದೇಬಿಟ್ಟ. ಗ್ಯಾರೇಜಿಗೆ ಹೋಗಿ ಜಾಕ್, ಬೋಲ್ಟ್‌ಗಳು, ಜಲ್ಲಿ ಕ್ರಷರಿನಿಂದ ಬಂದಿದ್ದ ದಪ್ಪ ರಬ್ಬರ್ ಬೆಲ್ಟಿನ ತುಂಡುಗಳನ್ನು ಕಂಪನಿ ಗಾಡಿಗೆ ಹಾಕಿಕೊಂಡು ಹೊರಟೆವು. ನಾನು ಓಡಿಸಿದೆ. ಬಿದ್‌ಬಿದ್ ಊರು ದಾಟಿ ಇಬ್ರಾ ಕಡೆ ತಿರುಗಿದೆವು. ಪ್ರತಿ ತಿರುವಿನಲ್ಲೂ ಅವನು ಮುಂದಕ್ಕೆ ಬಾಗಿ ರಸ್ತೆ ನೋಡುತ್ತಿದ್ದ.

ಬೆಟ್ಟಗಳ ನಡುವೆ ರಸ್ತೆ ಒಂದು ವಾದಿಯನ್ನು, ಮಳೆಗೆ ಮಾತ್ರ ಹರಿಯುವ ಒಣ ಹಳ್ಳವನ್ನು, ದಾಟುವಲ್ಲಿ ಅವರು ಸಿಕ್ಕಿದರು. ಹಿಂದಿನ ಮಳೆಯ ನೆರೆಗೆ ಅಲ್ಲಿ ಡಾಂಬರಿನ ಅಂಚು ಕಿತ್ತುಹೋಗಿತ್ತು. ಎದುರಿನಿಂದ ಬಂದ ಟ್ರಕ್ಕಿಗೆ ದಾರಿ ಬಿಡಲು ಸಾಲಿಂ ಬದಿಗೆ ಸರಿದಾಗ ಬಲಚಕ್ರ ಆ ಅಂಚಿನಿಂದ ಕೆಳಗಿಳಿದಿದೆ. ಸುರುಳಿ ಹಾರಿದೆ. ಗಾಡಿ ಹಿಡಿತ ತಪ್ಪಿ ವಾದಿಯೊಳಗೆ ಇಳಿದು ಜಲ್ಲಿಕಲ್ಲಿನ ರಾಶಿಗೆ ಮೂತಿ ಹೂತು ನಿಂತಿದೆ. ಸಾಲಿಂ ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ ಹಣೆಗೆ ಒತ್ತಿ ಹಿಡಿದಿದ್ದ, ಅದು ರಕ್ತದಲ್ಲಿ ನೆನೆದಿತ್ತು. ಇಪ್ಪತ್ತು ಅಡಿ ಮುಂದೆ ಹೋಗಿದ್ದರೆ ಆ ಕಡೆ ಆಳವಾದ ಕೊರಕಲು. ನಾನು ಅದರ ಅಂಚಿನವರೆಗೆ ಹೋಗಿ ಕೆಳಗೆ ನೋಡಿ ಬಂದೆ.

ಸುವೈದ್ ಸೀಟಿನಲ್ಲೇ ಕೂತಿದ್ದರು. ಏನೂ ಆಗಿರಲಿಲ್ಲ.

"ಇಳಿಯಿರಿ ಎಂದರೆ ಕೇಳುವುದಿಲ್ಲ" ಎಂದ ಸಾಲಿಂ. "ನಾನೇ ಹತ್ತಿದ್ದೇನೆ, ಮನೆ ಬಂದಾಗ ನಾನೇ ಇಳಿಯುತ್ತೇನೆ ಅನ್ನುತ್ತಾರೆ."

ಗೋವಿಂದ ಕಲ್ಲುಗಳನ್ನು ಸರಿಸಿ ಜಾಕ್ ಕೊಟ್ಟ. ಇಬ್ಬರೂ ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದೆವು. ಸುರುಳಿಯನ್ನು ಅವನು ಕುಳಿಗೆ ಕೂರಿಸಿದ. ಬೆಲ್ಟನ್ನು ಚಕ್ರ ಹಿಡಿದಿರುವ ಕೆಳಗಿನ ತೋಳಿನಿಂದ ಚಾಸಿಗೆ ಸುತ್ತಿ, ಚಕ್ರ ಎಷ್ಟು ಇಳಿದರೆ ಸಾಕೋ ಅಷ್ಟಕ್ಕೆ ಲೆಕ್ಕ ಮಾಡಿ ಬೋಲ್ಟ್ ಹಾಕಿ ಬಿಗಿದವನು ನಾನು. ಎರಡೂ ಬದಿಗೂ ಹಾಕಿದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಒಂದು ವರ್ಷದಿಂದ ನಾನು ಅವನ ಕೈ ನೋಡುತ್ತಿದ್ದೆನಲ್ಲ, ಹಾಗೆ. ನಾನು ಬಯಸಿದ್ದ ಆ ನೋಟ ಕೊನೆಗೂ ಸಿಕ್ಕಿತ್ತು, ಆದರೆ ತಲೆ ಎತ್ತಿ ಅದನ್ನು ನೋಡುವ ಮುಖ ನನಗಿರಲಿಲ್ಲ.

ಕೆಲಸ ಮುಗಿಸಿ, ಕಂಪನಿ ಗಾಡಿಯಿಂದ ಪಿಕಪ್ಪನ್ನು ರಸ್ತೆಗೆ ಎಳೆದ ಮೇಲೆ ಸಾಲಿಂ ಕೇಳಿದ, "ನೀವು ಹಿಂದಿನಿಂದ ಬಂದದ್ದು ಹೇಗೆ?"

ನಾನು ಬಾಯಿ ತೆರೆಯುವ ಮೊದಲೇ ಗೋವಿಂದ ತನ್ನ ಹರಕು ಹಿಂದಿಯಲ್ಲಿ ಹೇಳಿದ, "ಫೋರ್‌ಮನ್ ಕೋ ಡೌಟ್ ಆಯಾ." ಫೋರ್‌ಮನ್ನಿಗೆ ಅನುಮಾನ ಬಂತು ಎಂದು.

ಸಾಲಿಂ ನನ್ನ ಎರಡೂ ಕೈ ಹಿಡಿದುಕೊಂಡು ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದ. ಅವನ ಬೆರಳುಗಳಲ್ಲಿ ಇನ್ನೂ ರಕ್ತ ಅಂಟಿತ್ತು.

ವಾಪಸು ಬರುವಾಗ ಬಿದ್‌ಬಿದ್ ಹತ್ತಿರ ಗೋವಿಂದ ಕೇಳಿದ.

"ಎಷ್ಟ್ ಹೊತ್ತಿಗೆ ಗೊತ್ತಾಯ್ತ್ ನಿಮ್ಗೆ?"

"ಹನ್ನೊಂದು ಗಂಟೆಗೆ. ಸಹಿ ಹಾಕುವ ಮೊದಲು."

ಅವನು ಕಿಟಕಿಯ ಕಡೆ ತಿರುಗಿದ. "ನಂಗ್ ಒಂದ್ ಮಾತ್ ಹೇಳ್ಕಿತ್ತ್" ಎಂದ, ಹೇಳಬೇಕಿತ್ತು ಎಂದು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಯಾರದೋ ಕೆಲಸ ಕೆಟ್ಟದ್ದನ್ನು ನೋಡಿ ಹೇಳಿದಂತೆ ಇತ್ತು.

ಶನಿವಾರ ನಾನೇ ಮ್ಯಾಥ್ಯೂ ಸಾರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೇಪರ್ ಮಡಚಿಟ್ಟು ಪೂರ್ತಿ ಕೇಳಿದರು. "ಇದನ್ನು ಗೋವಿಂದ ಮಾಡಿದ್ದರೆ ಇವತ್ತೇ ಟಿಕೆಟ್ ತೆಗೆಯುತ್ತಿದ್ದೆ" ಎಂದರು. "ನಿನ್ನನ್ನು ಕಳಿಸಿದರೆ ಎಸ್ಟಿಮೇಟ್ ಬರೆಯುವವರಿಲ್ಲ. ಹೋಗು, ಕೆಲಸ ನೋಡು." ಅದು ಎಷ್ಟು ದೊಡ್ಡ ಶಿಕ್ಷೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನು ಅಲ್ಲಿ ಉಳಿದದ್ದು ಕೈಯಿಂದಲ್ಲ, ಪೆನ್ನಿನಿಂದ.

ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ತಗ್ಗಿಸಿದ ಪ್ರತಿಯೊಂದು ಗಾಡಿಯನ್ನೂ ಚಕ್ರ ನೇತುಹಾಕಿ ಇಬ್ಬರು ನೋಡಬೇಕು, ಇಬ್ಬರೂ ಸಹಿ ಹಾಕಬೇಕು ಎಂಬ ಕ್ರಮ ಮಾಡಿದೆ. ಗೋವಿಂದ ಕನ್ನಡದಲ್ಲಿ ಸಹಿ ಹಾಕುತ್ತಿದ್ದ. ನನ್ನನ್ನು ಸಂಜೀವಣ್ಣ ಎಂದು ಕರೆಯುವುದು ಬಿಟ್ಟು ಫೋರ್‌ಮನ್ನರೇ ಎನ್ನತೊಡಗಿದ. ರೂಮು ಬದಲಾಯಿಸಲಿಲ್ಲ. ಸಾರು ಮಾಡಿ ಮುಚ್ಚಿಡುತ್ತಿದ್ದ, ಬಡಿಸುತ್ತಿರಲಿಲ್ಲ. ನಾಲ್ಕು ವರ್ಷ ಹಾಗೆಯೇ ಇದ್ದೆವು.

ತೊಂಬತ್ತರ ದಶಕ ಬಂತು. ಗಾಡಿ ತಗ್ಗಿಸುವ ಸಾಮಾನು ರಟ್ಟಿನ ಪೆಟ್ಟಿಗೆಯಲ್ಲಿ, ಚಿತ್ರದ ಪುಸ್ತಕದ ಸಮೇತ ಬರತೊಡಗಿತು. ಚಕ್ರದ ನೇರ ನೋಡಲು ನಾವು ದಾರ ಕಟ್ಟುತ್ತಿದ್ದ ಜಾಗಕ್ಕೆ ಯಂತ್ರ ಬಂತು. ಪುಸ್ತಕ ಓದಲು ಬರುವ ನನ್ನಂಥವರಿಗೆ ಇದು ಒಳ್ಳೆಯ ಕಾಲ. ಗೋವಿಂದನ ಸುತ್ತಿಗೆಗೆ ಇನ್ನು ಬೆಲೆ ಇಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆ ದಿನಗಳಲ್ಲೇ ಸಾಲಿಂ ಗ್ಯಾರೇಜಿಗೆ ಬಂದು, ತಾನೇ ಕಫೀಲ್ ಆಗುತ್ತೇನೆ, ಇಬ್ರಾದಲ್ಲಿ ಗೋವಿಂದನಿಗೆ ಪಟ್ಟೆಯ ಅಂಗಡಿ ಹಾಕಿಕೊಡುತ್ತೇನೆ ಎಂದು ಮ್ಯಾಥ್ಯೂ ಸಾರ್ ಹತ್ತಿರ ಕೇಳಿದ. ಅವರು ಒಪ್ಪಿದರು. ಬೇರೆ ಕಫೀಲನ ಬಳಿ ಸೇರಲು ಬೇಕಾದ ಬಿಡುಗಡೆ ಪತ್ರ ಟೈಪ್ ಮಾಡಬೇಕಾದವನು ನಾನು. ಒಂದು ಪುಟದ ಪತ್ರವನ್ನು ನಾಲ್ಕು ದಿನ ಡ್ರಾಯರಿನಲ್ಲಿ ಇಟ್ಟೆ. ಐದನೇ ದಿನ ಗೋವಿಂದ ಬಂದು ಮೇಜಿನ ಮುಂದೆ ಸುಮ್ಮನೆ ನಿಂತ. ತೆಗೆದು ಕೊಟ್ಟೆ.

ಅವನ ಅಂಗಡಿ ನಡೆಯಿತು. ಇಬ್ರಾ ಸುತ್ತಿನ ಶರ್ಕಿಯಾ ಪ್ರಾಂತದ ಕಲ್ಲುದಾರಿಗಳಲ್ಲಿ ಓಡುವ ನೀರಿನ ಟ್ಯಾಂಕರು, ಆಡು ಸಾಗಿಸುವ ಲಾರಿಗಳಿಗೆ ಪೆಟ್ಟಿಗೆಯಲ್ಲಿ ಬರುವ ಸಾಮಾನು ಸಾಕಾಗುತ್ತಿರಲಿಲ್ಲ. ಮಸ್ಕತ್ತಿನ ನಮ್ಮ ಹಳೆಯ ಗಿರಾಕಿಗಳೇ ಎರಡು ಗಂಟೆ ಓಡಿಸಿಕೊಂಡು ಅವನ ಹತ್ತಿರ ಹೋಗತೊಡಗಿದರು. ಹೋಗಿ ಬಂದವರು ನನ್ನ ಮುಂದೆಯೇ ಹೊಗಳುತ್ತಿದ್ದರು.

ಕರಾವಳಿಯ ಸೂರ್ ಪಟ್ಟಣದ ಹತ್ತಿರ ದೊಡ್ಡ ಗ್ಯಾಸ್ ಪ್ಲಾಂಟಿನ ಕಟ್ಟಡದ ಕೆಲಸ ಶುರುವಾದ ಮೇಲೆ ಅಲ್ಲಿನ ಬಸ್ಸುಗಳ ರಿಪೇರಿ ನಮಗೆ ಸಿಕ್ಕಿತು. ಹೋಗಿ ಬರುವ ದಾರಿಯಲ್ಲಿ ಇಬ್ರಾ. ಐದಾರು ಸಲ ಅಂಗಡಿಯ ಮುಂದೆ ನಿಧಾನ ಮಾಡಿ, ನಿಲ್ಲಿಸದೆ ಹೋಗಿದ್ದೆ. ಒಂದು ದಿನ ಹೊರಗೆ ಸುವೈದರ ಪಿಕಪ್ ನಿಂತದ್ದು ಕಂಡು ನಿಲ್ಲಿಸಿದೆ. ಸುವೈದ್ ಹಿಂದಿನ ವರ್ಷ ತೀರಿಕೊಂಡಿದ್ದರು. ಕೊನೆಯ ತಿಂಗಳವರೆಗೂ ಸೂಕಿಗೆ ಹೋಗುತ್ತಿದ್ದರಂತೆ, ತಾವೇ ಹತ್ತಿ, ತಾವೇ ಇಳಿದು. ನಾನು ಬಗ್ಗಿ ಕೆಳಗೆ ನೋಡಿದೆ. ನನ್ನ ಬೆಲ್ಟ್ ಇರಲಿಲ್ಲ. ಗೋವಿಂದ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿದ್ದ.

ಗೋವಿಂದನ ಕೂದಲು ಅರ್ಧ ಬೆಳ್ಳಗಾಗಿತ್ತು. ನೆಲದ ಮೇಲೆ ಚಾಪೆ ಹಾಸಿ ಕೂರಿಸಿ, ಖರ್ಜೂರದ ತಟ್ಟೆ ಇಟ್ಟು ಪುಟ್ಟ ಕಪ್ಪಿನಲ್ಲಿ ಅರಬರ ಕಾಫಿ, ಕಹ್ವಾ, ಸುರಿದ. ಊರಿನ ಸುದ್ದಿ, ಮ್ಯಾಥ್ಯೂ ಸಾರ್ ಆರೋಗ್ಯ, ಎಲ್ಲ ಮಾತಾಡಿ ಆಯಿತು. ಆಮೇಲೆ ಹೇಳಿದ:

"ಸಂಜೀವಣ್ಣ, ನಂಗ್ ಕಾಗದಪತ್ರ ಆತಿಲ್ಲೆ. ದೊಡ್ಡ ಕಂಪನಿಯವ್ರ್ ಎಸ್ಟಿಮೇಟ್ ಕೇಣ್ತ್ರ್. ಸುರುಳಿ ಕೆಲಸವೂ ಬತ್ತ್, ನಂಗ್ ಅದ್ರಗೆ ಧೈರ್ಯ ಇಲ್ಲೆ. ನೀವ್ ಬನ್ನಿ. ಇಬ್ರೂ ಸಮ ಪಾಲಂಗೆ ಮಾಡುವ. ಸಾಲಿಂ ಹತ್ರ ಮಾತಾಡಿದ್ದೆ."

ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಸಂಜೀವಣ್ಣ ಎಂದು ಕೇಳಿದೆ. ಆ ಅಂಗಡಿಯಲ್ಲಿ ನನಗಿದ್ದ ಜಾಗ ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ನಾನು ಮಾಡಬಲ್ಲೆ, ಅವನಿಗೂ ಬೇಕು, ಇಬ್ಬರಿಗೂ ಒಳ್ಳೆಯದು. ಅಷ್ಟರಲ್ಲಿ ಒಬ್ಬ ಟ್ಯಾಂಕರ್ ಡ್ರೈವರ್ ಬಂದು, ನನ್ನನ್ನು ಕಾಣದವನಂತೆ ದಾಟಿ, "ಗೋವಿಂದ್" ಎಂದು ಕರೆದ.

"ಆಗ್ಲಿಕ್ಕಿಲ್ಲ ಗೋವಿಂದ" ಎಂದೆ. "ನನ್ನ ಮನೆಯವಳಿಗೆ ಮಸ್ಕತ್ ಬಿಡ್ಲಿಕ್ಕೆ ಮನಸ್ಸಿಲ್ಲ."

ನನ್ನ ಹೆಂಡತಿ ಒಂದು ದಿನಕ್ಕೂ ಒಮಾನಿಗೆ ಬಂದವಳಲ್ಲ. ವರ್ಷಗಟ್ಟಲೆ ನನ್ನ ಜೊತೆ ಒಂದೇ ರೂಮಿನಲ್ಲಿದ್ದು, ಅವಳ ಕಾಗದಗಳನ್ನು ಅಂಚೆಯಿಂದ ತಂದುಕೊಟ್ಟವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಮಾತು ಬಾಯಿಂದ ಬಿದ್ದ ಮೇಲೆ ನನಗೂ ಹೊಳೆಯಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳಲು ಹೋಗಲಿಲ್ಲ.

ಗೋವಿಂದ ನನ್ನನ್ನು ನೋಡಿದ. "ಹೌದಾ. ಹಾಂಗಾರೆ ಕಷ್ಟವೇ" ಎಂದ. ಡ್ರೈವರನಿಗೆ ಕಾಯಲು ಕೈ ತೋರಿಸಿ, ನನ್ನ ಖಾಲಿ ಕಪ್ಪಿಗೆ ಇನ್ನೊಮ್ಮೆ ಕಹ್ವಾ ಸುರಿದ.